ಮೇಲಿನ ಗದ್ದೆ, ಕೆಳಗಿನ ಗದ್ದೆ

ಕಂದು ಜಿಗಿಹುಳುವನ್ನು ಹುಡುಕುವವರು ಬದುವಿನ ಮೇಲೆ ನಿಂತು ಎಲೆ ನೋಡಿದರೆ ಏನೂ ಸಿಗದು. ಗದ್ದೆಗಿಳಿದು, ಬಗ್ಗಿ, ಪೈರನ್ನು ಎರಡೂ ಕೈಯಲ್ಲಿ ಅಗಲಿಸಿ ಬುಡ ನೋಡಬೇಕು. ನೀರಿಗಿಂತ ನಾಲ್ಕು ಬೆರಳು ಮೇಲೆ, ನೆರಳೂ ತೇವವೂ ಇರುವ ಜಾಗದಲ್ಲಿ, ಮೂರು ಮಿಲಿಮೀಟರಿನಷ್ಟು ಉದ್ದದ ಹುಳುಗಳು ದಂಟಿಗೆ ಬಾಯಿ ಚುಚ್ಚಿ ರಸ ಹೀರುತ್ತಿರುತ್ತವೆ. ಬುಡಕ್ಕೆ ಒಂದೆರಡು ಇದ್ದರೆ ಚಿಂತೆಯಿಲ್ಲ. ನೂರಾರು ಆದವೆಂದರೆ ಪೈರು ಹಳದಿಯಾಗಿ, ಕೆಲವೇ ದಿನಗಳಲ್ಲಿ ಬೆಂಕಿ ತಾಗಿದ ಹಾಗೆ ಒಣಗಿ ನಿಲ್ಲುತ್ತದೆ. ಗದ್ದೆಯ ನಡುವೆ ದುಂಡಗೆ ಶುರುವಾದ ಒಣ ತೇಪೆ ದಿನದಿಂದ ದಿನಕ್ಕೆ ಅಗಲವಾಗುತ್ತ ಹೋಗುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ರೈತರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಹುಳುವಿನ ಬಾಳುವೆಯಲ್ಲಿ ಎರಡು ಸಂಗತಿಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭ. ಹೆಣ್ಣುಹುಳು ಮೊಟ್ಟೆ ಇಡುವುದು ಎಲೆಯ ಮೇಲಲ್ಲ. ದಂಟನ್ನು ಸುತ್ತಿಕೊಂಡ ಒರೆಯನ್ನು ಸೀಳಿ ಅದರೊಳಗೆ. ಹೊರಗಿನಿಂದ ಸಿಂಪಡಿಸಿದ ವಿಷ ಅಲ್ಲಿಗೆ ಹೋಗುವುದು ಕಷ್ಟ. ಇನ್ನೊಂದು, ಇವುಗಳ ರೆಕ್ಕೆಯ ವಿಚಾರ. ಹೊಟ್ಟೆಗೆ ಸಮೃದ್ಧಿಯಾಗಿರುವಾಗ ಇವು ಮೋಟು ರೆಕ್ಕೆಯವಾಗಿ ಬೆಳೆದು ಅಲ್ಲೇ ಬೀಡುಬಿಡುತ್ತವೆ. ಪೈರು ಬಲಿತು, ಗುಂಪು ದಟ್ಟವಾಯಿತೆಂದರೆ ಮುಂದಿನ ತಲೆಮಾರಿನಲ್ಲಿ ಉದ್ದ ರೆಕ್ಕೆಯವು ಹೆಚ್ಚಾಗಿ, ಎಳೆಯ ಪೈರನ್ನು ಹುಡುಕಿಕೊಂಡು ಹಾರುತ್ತವೆ. ಒಂದು ತಲೆಮಾರಿಗೆ ಸುಮಾರು ಒಂದು ತಿಂಗಳು. ಪಕ್ಕದಲ್ಲಿ ಎಳೆಯ ಗದ್ದೆ ಇದ್ದರೆ ಸರಿ, ಅವುಗಳ ವಂಶ ಮುಂದುವರಿಯುತ್ತದೆ. ಇಲ್ಲದಿದ್ದರೆ?

ಸುಸ್ಥಿರ ಅಭಿವೃದ್ಧಿಯ ಬಗೆಗಿನ ಅಧ್ಯಾಯವನ್ನು ಹುಳುವಿನಿಂದ ಏಕೆ ಆರಂಭಿಸಬೇಕು ಎಂದು ಕೇಳುವವರಿದ್ದಾರೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ 17 ಗುರಿಗಳಲ್ಲಿ ಶಿಕ್ಷಣಕ್ಕೆ ಒಂದು ಇಡೀ ಗುರಿ ಇದೆ. ಸಂಸ್ಕೃತಿಗೆ ಪ್ರತ್ಯೇಕ ಗುರಿಯೇ ಇಲ್ಲ. ಅಲ್ಲೊಂದು ಇಲ್ಲೊಂದು ಉಪಗುರಿಯಲ್ಲಿ ಅದರ ಹೆಸರು ಬಂದುಹೋಗುತ್ತದೆ. ಆದರೂ ವಿಚಾರ ಸಂಕಿರಣಗಳಲ್ಲಿ ಶಿಕ್ಷಣ, ವಿಜ್ಞಾನ, ಸಂಸ್ಕೃತಿ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಬ್ಯಾನರಿನ ಮೇಲೆ ಈ ಮೂರೂ ಒಳ್ಳೆಯ ಸ್ನೇಹಿತರು. ಗದ್ದೆಗಿಳಿದಾಗ ಒಂದನ್ನೊಂದು ತಳ್ಳಿ ಬೀಳಿಸಿದ್ದೂ ಉಂಟು, ಬಿದ್ದದ್ದನ್ನು ಎತ್ತಿದ್ದೂ ಉಂಟು. ಎರಡನ್ನೂ ಹತ್ತಿರದಿಂದ ನೋಡಲು ಇಂಡೊನೇಷ್ಯದ ಭತ್ತದ ಗದ್ದೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್-8 ತಳಿಯನ್ನು ಬಿಡುಗಡೆ ಮಾಡಿತು. ಅದರ ಹೆತ್ತವರಲ್ಲಿ ಒಂದು ಇಂಡೊನೇಷ್ಯದ 'ಪೆಟಾ', ಇನ್ನೊಂದು ತೈವಾನಿನ ಗಿಡ್ಡ ತಳಿ. ನಮ್ಮ ಭತ್ತದ ಸೀಮೆಯ ಹಿರಿಯರಿಗೂ ಈ ಹೆಸರು ಹೊಸದಲ್ಲ. ಗಿಡ್ಡ ದಂಟು, ಗೊಬ್ಬರ ಕೊಟ್ಟಷ್ಟೂ ಕಾಳು, ನಾಲ್ಕು ತಿಂಗಳು ಚಿಲ್ಲರೆಗೆ ಕೊಯ್ಲು. ಆ ಕಾಲದ ಇಂಡೊನೇಷ್ಯ ಅಕ್ಕಿಗೆ ಹೊರದೇಶಗಳ ಕಡೆ ನೋಡುತ್ತಿದ್ದ ದೇಶ. ಸರ್ಕಾರ 'ಬಿಮಾಸ್' ಎಂಬ ಕಾರ್ಯಕ್ರಮದಡಿ ಬೀಜ, ಗೊಬ್ಬರ, ಕೀಟನಾಶಕ, ಸಾಲ ಎಲ್ಲವನ್ನೂ ಒಂದು ಗಂಟು ಕಟ್ಟಿ ರೈತನ ಮನೆಬಾಗಿಲಿಗೆ ಇಳಿಸಿತು. ಇದನ್ನು ಗೇಲಿ ಮಾಡುವುದು ಇಂದು ಸುಲಭ. ಆದರೆ 1984ರ ಹೊತ್ತಿಗೆ ಆ ದೇಶ ಅಕ್ಕಿಯಲ್ಲಿ ಸ್ವಾವಲಂಬಿ ಎಂದು ಹೇಳಿಕೊಳ್ಳುವಂತಾಯಿತು. ಹಸಿದ ಹೊಟ್ಟೆಗೆ ಅನ್ನ ಬಿತ್ತು. ಅದು ವಿಜ್ಞಾನ ಮಾಡಿದ ಕೆಲಸವೇ.

ಆ ಗಂಟಿನ ಜೊತೆಗೆ ಒಂದು ಆದೇಶವೂ ಬರುತ್ತಿತ್ತು: ನೀರು ಸಿಕ್ಕಾಗ ನಾಟಿ ಮಾಡಿ, ಕೊಯ್ದ ಕೂಡಲೇ ಮತ್ತೆ ನಾಟಿ ಮಾಡಿ, ವರ್ಷಕ್ಕೆ ಎಷ್ಟು ಬೆಳೆ ತೆಗೆಯಲಾಗುತ್ತದೋ ಅಷ್ಟು ತೆಗೆಯಿರಿ. ಈ ಆದೇಶ ಬಾಲಿ ದ್ವೀಪಕ್ಕೆ ಬಂದಾಗ ಅಲ್ಲಿ ನೀರು ಬಿಡುವ ದಿನವನ್ನು ಗೊತ್ತುಮಾಡುತ್ತಿದ್ದವರು ಬೇರೆಯವರಿದ್ದರು.

ಬಾಲಿಯ ನೆಲ ಜ್ವಾಲಾಮುಖಿಯದು. ನದಿಗಳು ಮೆತ್ತನೆಯ ಬೂದಿಗಲ್ಲನ್ನು ಕೊರೆದು ಆಳವಾದ ಕಮರಿಯಲ್ಲಿ ಹರಿಯುತ್ತವೆ. ಗದ್ದೆಗಳಿರುವುದು ಮೇಲೆ, ಗುಡ್ಡದ ಮೈಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ. ಹಾಗಾಗಿ ನದಿಗೆ ಮೇಲೆಲ್ಲೋ ಒಡ್ಡು ಕಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು, ನೀರನ್ನು ದೂರ ನಡೆಸಿ ತಂದು ಗದ್ದೆಗೆ ಬಿಡಬೇಕು. ಸುರಂಗ ತೋಡುವ ಕುಶಲಕರ್ಮಿಗಳ ಪ್ರಸ್ತಾಪ ಅಲ್ಲಿನ 9ನೇ ಶತಮಾನದ ಶಾಸನದಲ್ಲೇ ಇದೆ. 11ನೇ ಶತಮಾನದ ಹೊತ್ತಿಗೆ 'ಸುಬಕ್' ಎಂಬ ಸಂಘದ ಹೆಸರೂ ಶಾಸನಗಳಿಗೆ ಬರುತ್ತದೆ. ಒಂದೇ ಮೂಲದಿಂದ ನೀರು ಪಡೆಯುವ ರೈತರೆಲ್ಲ ಸೇರಿ ಒಂದು ಸುಬಕ್. ಅದರ ಕಟ್ಟಳೆಗಳನ್ನು ಹಿಂದೆ ತಾಳೆಗರಿಯಲ್ಲಿ ಬರೆದಿಡುತ್ತಿದ್ದರು: ನೀರು ಕದ್ದರೆ ಇಷ್ಟು ದಂಡ, ಕಾಲುವೆ ಹೂಳೆತ್ತಲು ಬಾರದಿದ್ದರೆ ಇಷ್ಟು. ಗದ್ದೆ ಇದ್ದವನಿಗೆ ಸಭೆಯಲ್ಲಿ ಮಾತು. ಜಾತಿ ಅಲ್ಲಿ ಲೆಕ್ಕಕ್ಕಿಲ್ಲ. ನೀರು ಹಂಚುವುದಕ್ಕೆ ಮರದ ದಿಮ್ಮಿಯಲ್ಲಿ ಅಳತೆಯಾಗಿ ಕಚ್ಚು ಕೊರೆದು ಕಾಲುವೆಗೆ ಅಡ್ಡ ಹಾಕುತ್ತಾರೆ. ನದಿಯಲ್ಲಿ ಎಷ್ಟೇ ನೀರಿರಲಿ, ಪಾಲು ಮಾತ್ರ ಅದೇ ಪ್ರಮಾಣ.

ನಮ್ಮ ಕೆರೆಗಳಲ್ಲಿ ನೀರುಗಂಟಿ ಇದ್ದ ಹಾಗೆ ಅಲ್ಲಿಯೂ ಯಾರೋ ಒಬ್ಬ ಇರುತ್ತಿದ್ದನೇ? ಸುಬಕ್ಕಿನೊಳಗೆ ಅದನ್ನು ನೋಡಿಕೊಳ್ಳುವ ಮುಖ್ಯಸ್ಥ ಇರುತ್ತಾನೆ. ಕುತೂಹಲ ಹುಟ್ಟಿಸುವುದು ಸುಬಕ್ಕಿಗೂ ಸುಬಕ್ಕಿಗೂ ನಡುವಿನ ವ್ಯವಹಾರ. ಪ್ರತಿ ಒಡ್ಡಿನ ಹತ್ತಿರ ಒಂದು ದೇಗುಲ. ಗದ್ದೆಗಳ ತಲೆಯಲ್ಲಿ, ಕಾಲುವೆ ಒಳಬರುವ ಕಡೆ ಒಂದು ಪುಟ್ಟ ಗುಡಿ. ಹತ್ತಾರು ಸುಬಕ್ಕುಗಳು ಒಟ್ಟಿಗೆ ನಡೆದುಕೊಳ್ಳುವ ದೊಡ್ಡ ದೇವಸ್ಥಾನ ಒಂದು. ಎಲ್ಲದರ ಮೇಲೆ ಬಾತೂರ್ ಸರೋವರದ ದೇವತೆ ದೇವಿ ದಾನುವಿನ ದೇಗುಲ, ಪುರ ಉಲುನ್ ದಾನು ಬಾತೂರ್. ಅಲ್ಲಿನ ಹಿರಿಯ ಅರ್ಚಕನನ್ನು 'ಜೆರೊ ಗ್ಡೆ' ಎನ್ನುತ್ತಾರೆ. ಒಬ್ಬ ಜೆರೊ ಗ್ಡೆ ತೀರಿಕೊಂಡಾಗ, ಮೈಮೇಲೆ ದೇವಿ ಬಂದ ಅರ್ಚಕಿ ಮುಂದಿನವನನ್ನು ಹುಡುಗರೊಳಗಿಂದ ಆರಿಸುತ್ತಾಳೆ. ಯಾವ ಗುಡಿಯಲ್ಲಿ ಯಾವ ದಿನ ಪೂಜೆ ಎಂಬುದನ್ನು 210 ದಿನಗಳ ಪಂಚಾಂಗ ಹೇಳುತ್ತದೆ. ಏಳು ದಿನಗಳ ವಾರ ಮೂವತ್ತು. ಅವುಗಳ ಜೊತೆಜೊತೆಗೆ ಮೂರು ದಿನದ ವಾರ, ಐದು ದಿನದ ವಾರ ಎಂದು ಬೇರೆ ಬೇರೆ ಉದ್ದದ ವಾರಗಳೂ ಓಡುತ್ತಿರುತ್ತವೆ. ಪೂಜೆಯಾಗದೆ ನೀರಿಲ್ಲ, ನೀರಿಲ್ಲದೆ ಸಸಿಮಡಿಯಿಲ್ಲ. ಒಂದು ದೇವಸ್ಥಾನಕ್ಕೆ ನಡೆದುಕೊಳ್ಳುವ ಸುಬಕ್ಕುಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಾಟಿ ಮಾಡುತ್ತವೆ, ಒಂದೇ ಹೊತ್ತಿಗೆ ಕೊಯ್ಯುತ್ತವೆ. ಕೊಯ್ಲಾದ ಮೇಲೆ ಅಷ್ಟೂ ಗದ್ದೆಯಲ್ಲಿ ನೀರು ನಿಲ್ಲಿಸಿ ಬಾತುಕೋಳಿಗಳನ್ನು ಬಿಡುತ್ತಾರೆ. ಕಣ್ಣಳತೆಯುದ್ದಕ್ಕೂ ಒಂದು ಎಳೆಯ ಪೈರೂ ಇರುವುದಿಲ್ಲ.

ಇಲ್ಲದಿದ್ದರೆ ಏನಾಗುತ್ತದೆ ಎಂದು ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇದೇ. ಜಿಗಿಹುಳುವಿಗೆ ಹಾರಿ ಹೋಗಲು ಜಾಗವಿಲ್ಲ. ಇಲಿಗೆ ತಿನ್ನಲು ತೆನೆಯಿಲ್ಲ. ಕೂಳೆಯಲ್ಲಿ ಅಡಗಿದ ಕಾಂಡಕೊರಕ ನೀರಿನಲ್ಲಿ ಮುಳುಗುತ್ತದೆ.

1970ರ ದಶಕದಲ್ಲಿ ಕೃಷಿ ಅಧಿಕಾರಿಗಳಿಗೆ ಇದು ಕಾಣಲಿಲ್ಲ. ಕಂಡದ್ದು ಹೂವು, ಬಾಳೆಲೆ, ಗಂಟೆಯ ಸದ್ದು. ನೀರಾವರಿಯನ್ನು ಇಂಜಿನಿಯರುಗಳು ನೋಡಿಕೊಳ್ಳುತ್ತಾರೆ, ಪೂಜೆಯನ್ನು ಅರ್ಚಕರು ನೋಡಿಕೊಳ್ಳಲಿ ಎಂಬುದು ಅವರ ವಿಂಗಡಣೆ. ಪ್ರತಿಯೊಬ್ಬ ರೈತನೂ ತನಗೆ ಬೇಕಾದಾಗ ನಾಟಿ ಮಾಡಲು ತೊಡಗಿದ. ಮೊದಲ ವರ್ಷಗಳಲ್ಲಿ ಇಳುವರಿ ಏರಿತು. ಆಮೇಲೆ ಎರಡು ತೊಂದರೆಗಳು ಬೆನ್ನುಬೆನ್ನಿಗೆ ಬಂದವು: ಯಾವಾಗ ಯಾರಿಗೆ ನೀರು ಎಂಬುದು ಗೊತ್ತಾಗದ ಗೊಂದಲ, ಮತ್ತು ಹುಳು. ವರ್ಷವಿಡೀ ಒಂದಲ್ಲ ಒಂದು ಗದ್ದೆ ಎಳೆಯದಾಗಿಯೇ ಇರುವ ನಾಡಿನಲ್ಲಿ ಜಿಗಿಹುಳುವಿಗೆ ಬಿಡುವೆಂಬುದೇ ಇಲ್ಲ. ಐಆರ್-8ನ್ನು ಜಿಗಿಹುಳು ತಿಂದಿತು. ಅದನ್ನು ತಡೆಯಬಲ್ಲ ಐಆರ್-36 ತಂದರು. ಅದಕ್ಕೆ ತುಂಗ್ರೊ ನಂಜುರೋಗ ತಗುಲಿತು. ಅದನ್ನು ತಡೆಯುವ ಇನ್ನೊಂದು ತಳಿ ತಂದರು, ಅದಕ್ಕೆ ಎಲೆಚುಕ್ಕೆ. ಪ್ರತಿ ಸಲವೂ ಹೊಸ ಬೀಜ, ಹೊಸ ಔಷಧಿ.

1979ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದೊಂದಿಗೆ ಬಾಲಿ ನೀರಾವರಿ ಯೋಜನೆ ಶುರುವಾದಾಗ, ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಆ ದೇಗುಲಗಳನ್ನೇ ಅಧ್ಯಯನ ಮಾಡುತ್ತಿದ್ದರು. ದೇಗುಲಗಳ ವೇಳಾಪಟ್ಟಿಗೂ ಹುಳುವಿಗೂ ಸಂಬಂಧವಿದೆ ಎಂದು ಅವರು ಹೇಳಿದರೆ ಕೇಳುವವರಿರಲಿಲ್ಲ. ಮಾನವಶಾಸ್ತ್ರಜ್ಞನ ಮಾತಿಗೆ ಇಂಜಿನಿಯರುಗಳ ಸಭೆಯಲ್ಲಿ ಎಷ್ಟು ಬೆಲೆ ಎಂಬುದು ನಮಗೂ ಗೊತ್ತಿದ್ದದ್ದೇ. ಆಗ ಅವರು ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿಯನ್ನು ಜೊತೆಮಾಡಿಕೊಂಡು, ಸಭೆಗೆ ಅರ್ಥವಾಗುವ ಭಾಷೆಯಲ್ಲೇ, ಅಂದರೆ ಲೆಕ್ಕದಲ್ಲೇ, ವಾದ ಹೂಡಿದರು.

ದಕ್ಷಿಣ ಬಾಲಿಯ ಊಸ್ ಮತ್ತು ಪೆತಾನು ಎಂಬ ಎರಡು ನದಿಗಳ ನಡುವಿನ 172 ಸುಬಕ್ಕುಗಳನ್ನು ಅವರು ಕಂಪ್ಯೂಟರಿಗೆ ಇಳಿಸಿದರು. ಯಾವ ಒಡ್ಡಿನಿಂದ ಯಾವ ಸುಬಕ್ಕಿಗೆ ನೀರು, ಮಳೆ ಎಷ್ಟು, ಯಾವ ತಳಿಗೆ ಎಷ್ಟು ದಿನ, ಹುಳು ಒಂದು ಸುಬಕ್ಕಿನಿಂದ ಪಕ್ಕದ ಸುಬಕ್ಕಿಗೆ ಹೇಗೆ ಹರಡುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಮೊದಲು ಈ ಮಾದರಿಯ ಲೆಕ್ಕ ನಿಜವಾದ ಇಳುವರಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿಕೊಂಡರು. ಬಳಿಕ ಒಂದೊಂದೇ ಪ್ರಶ್ನೆ ಹಾಕಿದರು. ಪ್ರತಿ ಸುಬಕ್ಕೂ ತನ್ನಿಷ್ಟದಂತೆ ನಾಟಿ ಮಾಡಿದರೆ? ಹುಳು ಹೆಚ್ಚಿ ಇಳುವರಿ ಬೀಳುತ್ತದೆ. 172 ಸುಬಕ್ಕೂ ಒಂದೇ ದಿನ ನಾಟಿ ಮಾಡಿದರೆ? ಹುಳುವೇನೋ ಸಾಯುತ್ತದೆ, ಆದರೆ ಎಲ್ಲರಿಗೂ ಒಟ್ಟಿಗೇ ನೀರು ಬೇಕಾಗಿ ನದಿ ಬತ್ತುತ್ತದೆ. ಎರಡರ ನಡುವೆ ಎಲ್ಲೋ ಒಂದು ಕಡೆ ಹದ ಇರಬೇಕು. ಆ ಹದ ಸಿಕ್ಕಿದ್ದು ಎಲ್ಲಿ ಎಂದರೆ, ನಿಜವಾದ ಬಾಲಿಯ ಜಲದೇಗುಲಗಳು ಸುಬಕ್ಕುಗಳನ್ನು ಹೇಗೆ ಗುಂಪು ಮಾಡಿವೆಯೋ ಅದೇ ಅಳತೆಯಲ್ಲಿ.

ಇಷ್ಟಕ್ಕೇ ನಿಂತಿದ್ದರೆ ಇದು 'ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು' ಎನ್ನುವವರ ಕೈಗೆ ಸಿಕ್ಕಿ ಹಾಳಾಗುತ್ತಿತ್ತು. ಮುಂದಿನ ಪ್ರಯೋಗ ಅದಕ್ಕೆ ಅವಕಾಶ ಕೊಡುವುದಿಲ್ಲ. ಲ್ಯಾನ್ಸಿಂಗ್ ಮತ್ತು ಕ್ರೆಮರ್ ತಮ್ಮ ಮಾದರಿಯಿಂದ ದೇಗುಲಗಳನ್ನೆಲ್ಲ ತೆಗೆದುಹಾಕಿದರು. ಪ್ರತಿ ಸುಬಕ್ಕಿಗೂ ಮನಸ್ಸಿಗೆ ಬಂದ ನಾಟಿ ದಿನ ಕೊಟ್ಟರು. ಒಂದೇ ಒಂದು ನಿಯಮ ಇಟ್ಟರು: ಸುಗ್ಗಿ ಮುಗಿದ ಮೇಲೆ ಅಕ್ಕಪಕ್ಕದವರನ್ನು ನೋಡು, ನಿನಗಿಂತ ಚೆನ್ನಾಗಿ ಬೆಳೆದವನಿದ್ದರೆ ಮುಂದಿನ ವರ್ಷ ಅವನಂತೆಯೇ ಮಾಡು. ಯಾರಿಗೂ ಇಡೀ ನದಿಯ ಚಿತ್ರ ಗೊತ್ತಿಲ್ಲ, ಯಾರೂ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಮಾದರಿಯೊಳಗೆ ಕೆಲವು ವರ್ಷಗಳು ಉರುಳುವಷ್ಟರಲ್ಲಿ ಸುಬಕ್ಕುಗಳು ತಾವಾಗಿಯೇ ಗುಂಪುಗಳಾಗಿ ಕೂಡಿಕೊಂಡವು, ಮತ್ತು ಆ ಗುಂಪುಗಳು ನಿಜವಾದ ದೇಗುಲಗಳ ವ್ಯಾಪ್ತಿಯನ್ನು ಬಹುಮಟ್ಟಿಗೆ ಹೋಲುತ್ತಿದ್ದವು. ಅಂದರೆ ಯಾವ ಮಹಾಜ್ಞಾನಿಯೂ ಕೂತು ಇದನ್ನು ಯೋಜಿಸಬೇಕಾಗಿರಲಿಲ್ಲ. ಪಕ್ಕದವನನ್ನು ನೋಡಿ ಕಲಿಯುವ ಅಭ್ಯಾಸ, ಕಲಿತದ್ದನ್ನು ಪೂಜೆಯ ದಿನವಾಗಿ ಕಟ್ಟಿಹಾಕಿದ ಪದ್ಧತಿ, ಇವೆರಡೇ ಸಾಕಾಗಿತ್ತು. ಅವರ ಪ್ರಬಂಧ ಅಚ್ಚಾದದ್ದು 1993ರಲ್ಲಿ.

ನನಗೆ ಇದರಲ್ಲಿ ಎಲ್ಲಕ್ಕಿಂತ ರುಚಿಸುವುದು ಮೇಲಿನ ಗದ್ದೆಯವನ ವರ್ತನೆ. ಒಡ್ಡಿನ ಹತ್ತಿರ ಇರುವವನು ನೀರನ್ನೆಲ್ಲ ತಾನೇ ಬಳಸಬಹುದು. ಕೆಳಗಿನವನು ಏನೂ ಮಾಡುವ ಹಾಗಿಲ್ಲ. ಜಗತ್ತಿನ ನೀರಾವರಿ ಕಾಲುವೆಗಳ ಹಳೆಯ ಜಗಳ ಇದು. ಅಂಥ ಜಗಳ ಬಿಡಿಸಲು ಬಲವಾದ ಅರಸೊತ್ತಿಗೆಯೇ ಬೇಕು ಎಂದು ಕಾರ್ಲ್ ವಿಟ್‌ಫೊಗೆಲ್‌ನಂಥ ದೊಡ್ಡ ಪಂಡಿತರು ಗ್ರಂಥ ಬರೆದಿದ್ದಾರೆ. ಬಾಲಿಯ ಮೇಲಿನ ರೈತ ಅರಸನ ದಂಡಕ್ಕೆ ಹೆದರಿ ನೀರು ಬಿಡಲಿಲ್ಲ. ಅವನು ನೀರು ಬಿಡದಿದ್ದರೆ ಕೆಳಗಿನವನು ತನ್ನ ಜೊತೆ ನಾಟಿ ಮಾಡಲಾರ. ತಡವಾಗಿ ನಾಟಿ ಮಾಡಿದ ಆ ಗದ್ದೆಯಿಂದ ಎದ್ದ ಹುಳು ಮುಂದಿನ ಬೆಳೆಯಲ್ಲಿ ಗುಡ್ಡ ಹತ್ತಿ ತನ್ನ ಗದ್ದೆಗೇ ಬರುತ್ತದೆ. ಲ್ಯಾನ್ಸಿಂಗ್ ಮತ್ತು ಜಾನ್ ಮಿಲ್ಲರ್ ಮುಂದೆ ರೈತರನ್ನೇ ಕೇಳಿದರು: ನಿಮಗೆ ಹೆಚ್ಚಿನ ಚಿಂತೆ ನೀರಿನದೋ ಹುಳುವಿನದೋ? ಕೆಳಗಿನವರಲ್ಲಿ ಹೆಚ್ಚಿನವರು ನೀರು ಎಂದರು, ಮೇಲಿನವರು ಹುಳು ಎಂದರು. ನ್ಯಾಯವಾಗಿ ನೀರು ಹಂಚುವಂತೆ ಮಾಡಿದ್ದು, ಹೀಗೆ ನೋಡಿದರೆ, ಜಿಗಿಹುಳುವೇ.

ಗೊಬ್ಬರದ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಜ್ವಾಲಾಮುಖಿಯ ಕಲ್ಲು ಸವೆದು ಬರುವ ನೀರಿನಲ್ಲಿ ರಂಜಕವೂ ಪೊಟ್ಯಾಶಿಯಮ್ಮೂ ಧಾರಾಳವಾಗಿರುತ್ತವೆ; ಗದ್ದೆಯಿಂದ ಗದ್ದೆಗೆ ಇಳಿಯುವ ನೀರು ದಾರಿಯುದ್ದಕ್ಕೂ ಅವನ್ನು ಬಡಿಸುತ್ತ ಹೋಗುತ್ತದೆ. ಅದರ ಮೇಲೆ ಗಂಟಿನೊಳಗಿನ ಗೊಬ್ಬರವನ್ನೂ ಸುರಿದಾಗ ಪೈರಿಗೆ ಬೇಡವಾದದ್ದು ನದಿಗೆ, ನದಿಯಿಂದ ಸಮುದ್ರಕ್ಕೆ. ತೀರದ ಹವಳದ ದಿಬ್ಬಗಳಲ್ಲಿ ಆ ಗೊಬ್ಬರದ ಸಾರಜನಕದ ಗುರುತು ವಿಜ್ಞಾನಿಗಳಿಗೆ ಸಿಕ್ಕಿದೆ.

1980ರ ದಶಕದ ಕೊನೆಗೆ ಸಾಲ ಕೊಟ್ಟ ಬ್ಯಾಂಕಿನ ಮೌಲ್ಯಮಾಪನ ವರದಿಯೇ ಹಳೆಯ ವ್ಯವಸ್ಥೆಯ ಗುಣವನ್ನು ಒಪ್ಪಿಕೊಂಡಿತು. ಅಷ್ಟರೊಳಗೆ ಬಹಳ ಸುಬಕ್ಕುಗಳು ಯಾರ ಅಪ್ಪಣೆಗೂ ಕಾಯದೆ ದೇಗುಲದ ದಿನಗಳಿಗೇ ಮರಳಿದ್ದವು. ಹಳೆಯ ತಳಿಗಳಿಗೆ ಮಾತ್ರ ಮರಳಲಿಲ್ಲ. ಬೀಜ ಹೊಸದು, ವೇಳಾಪಟ್ಟಿ ಹಳೆಯದು. ಬಾಲಿಯ ರೈತರು ಮಾಡಿಕೊಂಡ ಈ ಒಪ್ಪಂದದಲ್ಲಿ ನನಗಂತೂ ಯಾವ ವಿರೋಧಾಭಾಸವೂ ಕಾಣುವುದಿಲ್ಲ.

ಪಕ್ಕದ ಜಾವಾದ ಪರಿಸ್ಥಿತಿ ಬೇರೆ. ಅಲ್ಲಿ ಬಾಲಿಯ ಹಾಗೆ ನೂರಾರು ಸುಬಕ್ಕುಗಳನ್ನು ಹೊಸೆದ ಜಲದೇಗುಲಗಳ ಜಾಲ ಇರಲಿಲ್ಲ, ಮರಳಿ ಹೋಗುವುದಕ್ಕೆ ವೇಳಾಪಟ್ಟಿಯೂ ಇರಲಿಲ್ಲ. 1970ರ ದಶಕದ ನಡುವಿನಿಂದ ಇಂಡೊನೇಷ್ಯದಲ್ಲಿ ಜಿಗಿಹುಳು ಲಕ್ಷಗಟ್ಟಲೆ ಟನ್ ಅಕ್ಕಿಯನ್ನು ನುಂಗಿತು. ಸರ್ಕಾರದ ಉತ್ತರ, ಇನ್ನಷ್ಟು ಔಷಧಿ. 1980ರ ದಶಕದಲ್ಲಿ ಕೀಟನಾಶಕದ ಬೆಲೆಯ ಶೇ. 80ರಷ್ಟನ್ನು ಸರ್ಕಾರವೇ ಭರಿಸುತ್ತಿತ್ತು. ವರ್ಷಕ್ಕೆ ಹತ್ತು ಕೋಟಿ ಡಾಲರಿಗೂ ಮೀರಿದ ಖರ್ಚು. ಐದನೇ ಒಂದು ಪಾಲಿಗೆ ಸಿಗುವ ಔಷಧಿಯನ್ನು ಯಾವ ರೈತ ಬೇಡ ಎನ್ನುತ್ತಾನೆ?

ಔಷಧಿ ಹೊಡೆದಷ್ಟೂ ಹುಳು ಹೆಚ್ಚುತ್ತದೆ ಎಂಬುದನ್ನು ತೋರಿಸಿದವರಲ್ಲಿ ಪೀಟರ್ ಕೆನ್‌ಮೋರ್ ಮುಖ್ಯರು. ಫಿಲಿಪ್ಪೀನ್ಸಿನಲ್ಲಿ 1970ರ ದಶಕದ ಕೊನೆಗೆ ಅವರು ಮಾಡಿದ ಕೆಲಸ ಮೂಲತಃ ಎಣಿಕೆಯ ಕೆಲಸ. ಔಷಧಿ ಹೊಡೆಯದ ಗದ್ದೆಯ ಬುಡದಲ್ಲಿ ಜಿಗಿಹುಳುವಿನ ಜೊತೆ ತೋಳಜೇಡ ಇತ್ತು. ಅದಕ್ಕೆ ದಿನಕ್ಕೆ ಹಲವು ಹುಳು ಬೇಕು. ಮಿರಿಡ್ ತಿಗಣೆ ಇತ್ತು. ಅದು ಒರೆಯೊಳಗೆ ಮೂತಿ ತೂರಿಸಿ ಮೊಟ್ಟೆಯನ್ನೇ ಹೀರುತ್ತದೆ. ವಿಷಕ್ಕೆ ನಿಲುಕದ ಮೊಟ್ಟೆ ಇದಕ್ಕೆ ನಿಲುಕುತ್ತದೆ. ಔಷಧಿ ಹೊಡೆದಾಗ ಹೊರಗಿದ್ದ ಜೇಡವೂ ಸತ್ತಿತು, ತಿಗಣೆಯೂ ಸತ್ತಿತು, ಬೆಳೆದ ಜಿಗಿಹುಳುವೂ ಸತ್ತಿತು. ಉಳಿದದ್ದು ಒರೆಯೊಳಗಿನ ಮೊಟ್ಟೆ. ಅದು ಒಡೆದು ಬಂದಾಗ ಹೊರಗೆ ತಿನ್ನುವವರೇ ಇಲ್ಲ. ಸಿಂಪಡಿಸಿದ ಗದ್ದೆಯಲ್ಲಿ ಜಿಗಿಹುಳು ಸಿಂಪಡಿಸದ ಗದ್ದೆಗಿಂತ ನೂರಾರು ಪಟ್ಟು ಹೆಚ್ಚಿದ್ದು ಹೀಗೆ.

ಇಡಾ ನ್ಯೋಮನ್ ಓಕಾ ಅವರಂಥ ಇಂಡೊನೇಷ್ಯದ ಕೀಟಶಾಸ್ತ್ರಜ್ಞರು ಈ ಲೆಕ್ಕವನ್ನು ಅಧಿಕಾರದಲ್ಲಿದ್ದವರ ಕಿವಿಗೆ ಮುಟ್ಟಿಸಿದರು. ಸ್ವಾವಲಂಬನೆ ಘೋಷಿಸಿದ ಬೆನ್ನಿಗೇ ಜಾವಾದಲ್ಲಿ ಜಿಗಿಹುಳು ಮತ್ತೆ ಎದ್ದಿತ್ತು. ಅಧ್ಯಕ್ಷರ ಪ್ರತಿಷ್ಠೆಯ ಪ್ರಶ್ನೆ. 1986ರ ನವೆಂಬರಿನಲ್ಲಿ ಸುಹಾರ್ತೊ ಹೊರಡಿಸಿದ ಆದೇಶ 57 ಬಗೆಯ ಕೀಟನಾಶಕಗಳನ್ನು ಭತ್ತದಲ್ಲಿ ಬಳಸದಂತೆ ನಿಷೇಧಿಸಿತು. 1989ರ ಹೊತ್ತಿಗೆ ಸಬ್ಸಿಡಿಯೂ ನಿಂತಿತು. ಕೀಟನಾಶಕದ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು, ಅಕ್ಕಿಯ ಉತ್ಪಾದನೆ ಇಳಿಯಲಿಲ್ಲ. ಸರ್ವಾಧಿಕಾರಿಯ ಒಂದು ಸಹಿಯಿಂದ ಇಷ್ಟಾಯಿತು ಎಂಬುದು ಪ್ರಜಾಪ್ರಭುತ್ವದ ಅಭಿಮಾನಿಗಳಿಗೆ ಸ್ವಲ್ಪ ಇರುಸುಮುರುಸಿನ ಸಂಗತಿ. ಅದೇ ಸರ್ವಾಧಿಕಾರ ಹಿಂದೆ ಆ ಔಷಧಿಯನ್ನು ಗದ್ದೆಗಿಳಿಸಿತ್ತು ಎಂಬುದನ್ನೂ ಮರೆಯಬಾರದು.

ನಿಷೇಧ ಬಂತು, ಆದರೆ ರೈತನ ಕಣ್ಣಿಗೆ ಜೇಡ ಇನ್ನೂ ಹುಳುವೇ ಆಗಿತ್ತು. ಓಡಾಡುವುದೆಲ್ಲ ಶತ್ರು, ಶತ್ರುವಿಗೆಲ್ಲ ಔಷಧಿ ಎಂದು ಅವನಿಗೆ ಹದಿನೈದು ವರ್ಷ ಹೇಳಿಕೊಟ್ಟಿದ್ದರು. ಅದನ್ನು ಮರೆಸುವ ಕೆಲಸಕ್ಕೆಂದು 1989ರಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ, ಗದ್ದೆಯಲ್ಲೇ ನಡೆಯುವ ರೈತ ಪಾಠಶಾಲೆಗಳು ಶುರುವಾದವು. ಇಪ್ಪತ್ತೈದು ಮೂವತ್ತು ಮಂದಿ, ವಾರಕ್ಕೊಂದು ಬೆಳಗು, ನಾಟಿಯಿಂದ ಕೊಯ್ಲಿನವರೆಗೆ. ಐದೈದು ಜನ ಗುಂಪಾಗಿ ಗದ್ದೆಗಿಳಿದು ಬುಡ ಬಿಡಿಸಿ ನೋಡಿ ಎಣಿಸುತ್ತಾರೆ. ಮೇಲೆ ಬಂದು ದೊಡ್ಡ ಹಾಳೆಯಲ್ಲಿ ಬಣ್ಣದ ಕಡ್ಡಿಗಳಿಂದ ಚಿತ್ರ ಬರೆಯುತ್ತಾರೆ: ನಡುವೆ ಪೈರು, ಒಂದು ಪಕ್ಕ ಪೈರು ತಿನ್ನುವವು, ಇನ್ನೊಂದು ಪಕ್ಕ ಅವನ್ನು ತಿನ್ನುವವು, ಮೇಲೆ ಬಿಸಿಲೋ ಮೋಡವೋ, ಕೆಳಗೆ ನೀರು ಎಷ್ಟಿದೆ ಎಂಬುದು. ಈ ವಾರ ಏನು ಮಾಡಬೇಕು ಎಂದು ಚಿತ್ರ ತೋರಿಸಿ ಉಳಿದವರ ಮುಂದೆ ವಾದಿಸಬೇಕು. ಅಕ್ಷರ ಬಾರದವರೂ ವಾದಿಸಬಹುದು, ವಾದಿಸುತ್ತಿದ್ದರು.

ಪಾಠ ಹೇಳುವವರಿಗೆ ಒಂದು ವಿಚಿತ್ರ ಕಟ್ಟುಪಾಡಿತ್ತು. ರೈತ ಹುಳು ಹಿಡಿದು ತಂದು ಇದೇನು ಎಂದು ಕೇಳಿದರೆ ಹೆಸರು ಹೇಳಕೂಡದು. ಎಲ್ಲಿ ಸಿಕ್ಕಿತು, ಏನು ಮಾಡುತ್ತಿತ್ತು, ಒಂದೇ ಇತ್ತೋ ಬಹಳ ಇದ್ದವೋ ಎಂದು ತಿರುಗಿ ಕೇಳಬೇಕು. ಹೆಸರು ಗೊತ್ತಾದರೆ ರೈತ ಅಂಗಡಿಗೆ ಹೋಗಿ ಆ ಹೆಸರಿನ ಔಷಧಿ ಕೇಳುತ್ತಾನೆ. ಕಸುಬು ಗೊತ್ತಾದರೆ ಮತ್ತೆ ನೋಡಲು ಗದ್ದೆಗೆ ಹೋಗುತ್ತಾನೆ. ಗೊತ್ತಿಲ್ಲದ ಹುಳುವನ್ನು ಪೈರಿನ ಮೇಲೆ ಸೊಳ್ಳೆಪರದೆ ಕಟ್ಟಿ ಜೇಡದ ಜೊತೆ ಬಿಟ್ಟು, ಯಾರು ಯಾರನ್ನು ತಿಂದರು ಎಂದು ಮರುದಿನ ಎಣಿಸುತ್ತಿದ್ದರು. ಕತ್ತರಿಯಿಂದ ಎಲೆಗಳನ್ನು ಬೇಕೆಂದೇ ಕತ್ತರಿಸಿ, ಪೈರು ಆ ನಷ್ಟವನ್ನು ಎಷ್ಟರಮಟ್ಟಿಗೆ ತುಂಬಿಕೊಳ್ಳುತ್ತದೆ ಎಂದು ಕೊಯ್ಲಿನಲ್ಲಿ ಅಳೆಯುತ್ತಿದ್ದರು. ಎಲೆಗೆ ತೂತು ಬಿದ್ದೊಡನೆ ಸಿಂಪಡಣೆ ಯಂತ್ರ ಹೆಗಲಿಗೇರಿಸುವ ಭಯವನ್ನು ಈ ಕತ್ತರಿಯಷ್ಟು ಚೆನ್ನಾಗಿ ಯಾವ ಕರಪತ್ರವೂ ಬಿಡಿಸಲಾರದು. ಹತ್ತು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ರೈತರು ಇಂಥ ಶಾಲೆಗಳಲ್ಲಿ ಕಲಿತರು. ಈ ಪದ್ಧತಿ ಭಾರತಕ್ಕೂ ಬಂತು. ನಮ್ಮ ಇಲಾಖೆಯ ಕಡತಗಳಲ್ಲಿ ಅದರ ಹೆಸರು ರೈತ ಕ್ಷೇತ್ರ ಪಾಠಶಾಲೆ. ಶಾಮಿಯಾನ ಹಾಕಿ, ಭಾಷಣ ಮಾಡಿ, ಊಟ ಕೊಟ್ಟು ಕಳಿಸಿದರೆ ಅದಕ್ಕೆ ಆ ಹೆಸರು ಒಪ್ಪುವುದಿಲ್ಲ ಎಂದಷ್ಟೇ ಇಲ್ಲಿ ಹೇಳುತ್ತೇನೆ.

ಈ ಶಾಲೆಗಳ ಗುಣಗಾನವೇ ಬಹಳವಾಗಿರುವಾಗ ಒಂದು ಕಹಿ ಸಂಗತಿಯನ್ನೂ ದಾಖಲಿಸಬೇಕು. ಗೆರ್ಷಾನ್ ಫೆಡರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಡೊನೇಷ್ಯದ ಶಾಲೆಗಳಲ್ಲಿ ಕಲಿತವರ ಇಳುವರಿಯಲ್ಲಾಗಲಿ ಕೀಟನಾಶಕದ ಬಳಕೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಲಿತವರಿಂದ ನೆರೆಯವರಿಗೆ ವಿದ್ಯೆ ಹರಡಿದ್ದೂ ಅಷ್ಟಕ್ಕಷ್ಟೇ. ಬೇರೆ ಅಧ್ಯಯನಗಳು ಬೇರೆ ಹೇಳುತ್ತವೆ, ವಾದ ಮುಗಿದಿಲ್ಲ. ಆದರೆ 2010ರ ಸುಮಾರಿಗೆ ಜಾವಾದಲ್ಲಿ ಔಷಧಿಯ ಬಳಕೆ ಮತ್ತೆ ಏರಿ, ಜಿಗಿಹುಳುವೂ ಮತ್ತೆ ಎದ್ದದ್ದು ವಾದವಲ್ಲ, ನಡೆದದ್ದು.

ನನ್ನ ಅನುಮಾನ ಇದು. ಜಾವಾದ ರೈತ ಶಾಲೆಯಲ್ಲಿ ಕಲಿತು ಮನೆಗೆ ಬಂದ. ಅವನ ಗದ್ದೆಯಲ್ಲಿ ಜೇಡಗಳಿವೆ. ಸುತ್ತಲಿನ ನಾಲ್ಕೂ ಗದ್ದೆಯವರು ತಮಗೆ ತೋಚಿದಾಗ ನಾಟಿ ಮಾಡುತ್ತಾರೆ, ಅಂಗಡಿಯವನು ಹೇಳಿದಾಗ ಔಷಧಿ ಹೊಡೆಯುತ್ತಾರೆ. ಅವನೊಬ್ಬನ ತಿಳಿವಳಿಕೆ ಎಷ್ಟು ದಿನ ಬಾಳೀತು? ಬಾಲಿಯ ರೈತನಿಗೆ ಜಿಗಿಹುಳುವಿನ ಜೀವನಚಕ್ರ ಗೊತ್ತಿರಬೇಕಾಗಿರಲಿಲ್ಲ. ಹಬ್ಬಕ್ಕೆ ಹೋಗಿ, ಎಲ್ಲರ ಜೊತೆ ನಾಟಿ ಮಾಡಿದರೆ ಸಾಕಿತ್ತು. ಸಂಸ್ಕೃತಿಯ ಬಲ ಇದೇ: ಅರ್ಥವಾಗದವನಿಂದಲೂ ಅದು ಕೆಲಸ ಮಾಡಿಸುತ್ತದೆ. ದೌರ್ಬಲ್ಯವೂ ಇದೇ: 1970ರ ದಶಕದಲ್ಲಿ ಅಧಿಕಾರಿ ಬಂದು ಕಾರಣ ಕೇಳಿದಾಗ, ಕಾರಣ ಹೇಳಬಲ್ಲವರು ಸಭೆಯಲ್ಲಿರಲಿಲ್ಲ. ಕಾರಣ ಹುಡುಕಿಕೊಟ್ಟದ್ದು ವಿಜ್ಞಾನ, ಅದೂ ತಾನೇ ಮಾಡಿದ ಹಾನಿಯ ನಂತರ. ಇನ್ನು ಶಾಲೆ ಒಬ್ಬೊಬ್ಬನ ಕಣ್ಣು ತೆರೆಸಬಲ್ಲದು. ಇಡೀ ಬಯಲು ಒಂದೇ ವಾರ ನಾಟಿ ಮಾಡುವಂತೆ ಮಾಡುವುದು ಅದರ ಕೈಯಲ್ಲಿಲ್ಲ.

2012ರಲ್ಲಿ ಯುನೆಸ್ಕೊ ಸುಬಕ್ ಪದ್ಧತಿಯನ್ನೂ ಅದರ ಭೂದೃಶ್ಯವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಗುಲಗಳು, ಸರೋವರ, ಗದ್ದೆ ಸೇರಿ ಸುಮಾರು 19,500 ಹೆಕ್ಟೇರ್. ಜತಿಲುವಿಹ್‌ನ ಮೆಟ್ಟಿಲು ಗದ್ದೆಗಳ ಚಿತ್ರ ಜಗತ್ತಿನ ಎಲ್ಲ ಮೊಬೈಲುಗಳಲ್ಲೂ ಇದೆ. ಆ ಚಿತ್ರ ತೆಗೆಯಲು ಬರುವವರಿಗೆ ಹೋಟೆಲು ಬೇಕು, ಹೋಟೆಲಿಗೆ ನೀರು ಬೇಕು, ನೀರು ಬರುವುದು ಅದೇ ಬೆಟ್ಟದಿಂದ. ವಿಲ್ಲಾಗಳು ಗದ್ದೆಯ ನಡುವೆಯೇ ಏಳುತ್ತಿವೆ, ಯುವಕರು ಊರು ಬಿಟ್ಟು ದಕ್ಷಿಣದ ಕಡಲತೀರದ ಕೆಲಸಗಳಿಗೆ ಇಳಿಯುತ್ತಿದ್ದಾರೆ. ಸುಬಕ್ಕಿನ ನಡುವೆ ಒಬ್ಬ ಗದ್ದೆ ಮಾರಿದರೆ ಅವನೊಬ್ಬನ ಗದ್ದೆಯಷ್ಟೇ ಹೋಗುವುದಿಲ್ಲ. ಅವನ ಗದ್ದೆಯ ಮೂಲಕ ಕೆಳಕ್ಕೆ ಇಳಿಯುತ್ತಿದ್ದ ನೀರಿನ ದಾರಿಯೂ ತುಂಡಾಗುತ್ತದೆ. ವಿಲ್ಲಾದ ಮಾಲೀಕನಿಗೆ ಜಿಗಿಹುಳುವಿನ ಭಯವಿಲ್ಲ. ಮೇಲಿನವನನ್ನೂ ಕೆಳಗಿನವನನ್ನೂ ಕಟ್ಟಿಹಾಕಿದ್ದ ಗಂಟು ಅಲ್ಲಿ ಬಿಚ್ಚಿಹೋಗುತ್ತದೆ.

ನಮ್ಮ ತುಂಗಭದ್ರೆಗೆ ಈ ಲೆಕ್ಕವನ್ನು ಹಾಗೆಯೇ ತಂದು ಹಾಕಬಹುದೇ? ಎಡದಂಡೆಯ ಮುಖ್ಯ ಕಾಲುವೆ ಸುಮಾರು 227 ಕಿ.ಮೀ. ಉದ್ದ. ಬಹುಪಾಲು ಅರೆಖುಷ್ಕಿ ಬೆಳೆಗಳಿಗೆಂದು ಯೋಜಿಸಿದ ಈ ಕಾಲುವೆಯ ಮೇಲ್ಭಾಗದಲ್ಲಿ, ಗಂಗಾವತಿಯ ಕಡೆ, ಭತ್ತವೇ ಭತ್ತ; ಮಾನ್ವಿ, ರಾಯಚೂರಿನ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಇಲ್ಲಿ ಮೇಲಿನವನಿಗೂ ಕೆಳಗಿನವನಿಗೂ ನಡುವೆ ಇರುವುದು ನೂರು ಕಿಲೋಮೀಟರಿಗೂ ಹೆಚ್ಚು. ಮಾನ್ವಿಯವನು ತಡವಾಗಿ ನಾಟಿ ಮಾಡಿದ ಗದ್ದೆ ಗಂಗಾವತಿಯವನ ಕಣ್ಣಿಗೂ ಬೀಳದು, ಅಲ್ಲಿನ ಹುಳುವಿಗೆ ಅವನು ಹೆದರಬೇಕಾಗಿಯೂ ಇಲ್ಲ. ಹಾಗಾಗಿ ಇಡೀ ಕಾಲುವೆಯ ನ್ಯಾಯವನ್ನು ಜಿಗಿಹುಳುವಿನ ಮೇಲೆ ಹೊರಿಸುವ ಹಾಗಿಲ್ಲ. ಅದಕ್ಕೆ ಕಾನೂನು, ರಾಜಕೀಯ, ನೀರಾವರಿ ಸಲಹಾ ಸಮಿತಿಯ ಜಗಳ ಇವೇ ಗತಿ. ಆದರೆ ಒಂದೇ ವಿತರಣಾ ಕಾಲುವೆಯ ಕೆಳಗಿನ ಹತ್ತು ಹಳ್ಳಿಗಳ ಮಾತು ಬೇರೆ. ಅಲ್ಲಿ ಮೇಲಿನವನ ಗದ್ದೆಯಿಂದ ಕೆಳಗಿನವನ ಗದ್ದೆಗೆ ಹುಳು ಹಾರಿ ತಲುಪುತ್ತದೆ, ಕೆಳಗಿನಿಂದ ಮೇಲಕ್ಕೂ ಬರುತ್ತದೆ. ಲ್ಯಾನ್ಸಿಂಗ್ ಮತ್ತು ಕ್ರೆಮರ್ ಕಾಲದಲ್ಲಿ ಸಾಹಸವಾಗಿದ್ದ ಮಾದರಿಯನ್ನು ಇಂದು ಕೃಷಿ ಕಾಲೇಜಿನ ವಿದ್ಯಾರ್ಥಿಯೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಬಹುದು. ಯಾವ ಹೊಲಗಾಲುವೆಗೆ ಯಾವ ದಿನ ನೀರು ಬಂತು, ಯಾರು ಯಾವ ವಾರ ನಾಟಿ ಮಾಡಿದರು, ಜಿಗಿಹುಳು ಮೊದಲು ಕಂಡದ್ದು ಯಾರ ಗದ್ದೆಯಲ್ಲಿ ಎಂಬ ಮೂರು ಕಾಲಂಗಳ ಪಟ್ಟಿಯೊಂದು ಅವಳ ಕೈಗೆ ಬರಬೇಕು. ಮೊದಲೆರಡು ಕಾಲಂಗಳನ್ನು ನೀರು ಬಳಕೆದಾರರ ಸಂಘದ ಪುಸ್ತಕದಿಂದಲೂ ಊರಿನವರ ನೆನಪಿನಿಂದಲೂ ತುಂಬಿಸಬಹುದು. ಮೂರನೆಯದಕ್ಕೆ ಪ್ರತಿ ವಾರ ಯಾರಾದರೂ ಗದ್ದೆಗಿಳಿದು ಬುಡ ನೋಡಿ ಬರೆದಿಡಬೇಕಾಗುತ್ತದೆ.